ಆಟ ಕಂಪನಿಯದ್ದಾದರೂ ಆಟಗಾರರ ಮಾತೂ ನಡೆಯಬೇಕು

‘ಆಟ ಕಂಪನಿಯ ಸೊತ್ತು, ಆದ್ದರಿಂದ ಪಂದ್ಯಾವಳಿಯ ತೀರ್ಮಾನವೂ ಅದರದ್ದೇ’ ಎಂದು ಇ-ಸ್ಪೋರ್ಟ್ಸ್ (ವೃತ್ತಿಪರ ವಿಡಿಯೊ ಗೇಮ್ ಪಂದ್ಯಾವಳಿ) ಕುರಿತ ಲೇಖನವೊಂದರಲ್ಲಿ ಲೇಖಕರು ಮಾಡಿದ ವಾದವನ್ನು, ಈ ಪಂದ್ಯಗಳನ್ನು ವರ್ಷಗಳಿಂದ ನೋಡುತ್ತ ಬಂದಿರುವ ನಾನು ಒಪ್ಪಲಾರೆ. 2018ರ ಡಿಸೆಂಬರ್‌ನಲ್ಲಿ ಗೇಮ್ ತಯಾರಿಸುವ ಬ್ಲಿಝರ್ಡ್ ಕಂಪನಿಯು ತನ್ನ ‘ಹೀರೋಸ್ ಆಫ್ ದ ಸ್ಟಾರ್ಮ್’ ಆಟದ ವೃತ್ತಿಪರ ಪಂದ್ಯಾವಳಿ ಮರುವರ್ಷ ಇರುವುದಿಲ್ಲವೆಂದು ಒಂದು ಪ್ರಕಟಣೆಯಲ್ಲಿ ಹೇಳಿ ಮುಗಿಸಿತು. ಅದನ್ನೇ ನೆಚ್ಚಿಕೊಂಡಿದ್ದ ಆಟಗಾರರು ಹೊಸ ದಾರಿ ಹುಡುಕಬೇಕಾಯಿತು.

ಚೆಸ್‌ನ ಕಥೆ ಬೇರೆ. ಸಾಗರದ ನಮ್ಮ ಮನೆಯಲ್ಲಿ ಆಷಾಢದ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದ ರಾತ್ರಿ, ಆನ್‌ಲೈನ್ ಚೆಸ್ ತಾಣ ಲೀಚೆಸ್‌ನಲ್ಲಿ ಅರ್ಧಕ್ಕೆ ನಿಂತ ಆಟವನ್ನು ಫೋನಿನಲ್ಲೇ ಇರುವ ಚೆಸ್ ಆಡುವ ತಂತ್ರಾಂಶ ಸ್ಟಾಕ್‌ಫಿಶ್ ಎದುರು ಮುಂದುವರಿಸುತ್ತೇನೆ (ಸೋಲುವುದು ಖಚಿತ, ಅದು ಬೇರೆ ಮಾತು). ಎರಡೂ ಮುಕ್ತ ತಂತ್ರಾಂಶಗಳು; ಅಂದರೆ ಪರವಾನಗಿಯ ಷರತ್ತು ಪಾಲಿಸುವ ಯಾರೂ ಅವುಗಳ ಕೋಡ್ ಬಳಸಬಹುದು, ಬದಲಿಸಬಹುದು. ಸ್ಟಾಕ್‌ಫಿಶ್‌ನ ಕೋಡ್ ಬಳಸಿ ಜಿಪಿಎಲ್ ಎಂಬ ಆ ಮುಕ್ತ ಪರವಾನಗಿಯ ಷರತ್ತು ಮುರಿದಿದೆ ಎಂದು ಚೆಸ್ ತಂತ್ರಾಂಶ ಮಾರುವ ಜರ್ಮನಿಯ ಚೆಸ್‌ಬೇಸ್ ಕಂಪನಿಯ ಮೇಲೆ ಸ್ಟಾಕ್‌ಫಿಶ್‌ನ ಅಭಿವೃದ್ಧಿಕಾರರು 2021ರಲ್ಲಿ ದಾವೆ ಹೂಡಿದರು. 2022ರ ರಾಜಿಯಲ್ಲಿ ಆ ಕಂಪನಿಯು ಸ್ಟಾಕ್‌ಫಿಶ್ ಅಡಕವಾಗಿರುವ ಉತ್ಪನ್ನಗಳ ಮಾರಾಟವನ್ನು ಒಂದು ವರ್ಷ ನಿಲ್ಲಿಸಲು, ಪರವಾನಗಿ ಪಾಲನೆಗೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಲು ಒಪ್ಪಿತು. ಬರವಣಿಗೆಯಲ್ಲಿದ್ದ ಷರತ್ತೇ ಆ ಅಭಿವೃದ್ಧಿಕಾರರ ಬಲವಾಗಿತ್ತು. ಹಾಗೆಯೇ, ಪಂದ್ಯಾವಳಿ ನಿಲ್ಲಿಸುವ ಮುನ್ನ ಆರು ತಿಂಗಳ ಸೂಚನೆ ಕೊಡಬೇಕೆಂಬುದನ್ನಾದರೂ ಇ-ಸ್ಪೋರ್ಟ್ಸ್ ಆಟಗಾರರ ಒಪ್ಪಂದದಲ್ಲಿ ಬರೆಸಬೇಕೆಂದು ನನ್ನ ಅಭಿಪ್ರಾಯ.