ಹಾಲಿನ ಲೆಕ್ಕದ ಪಕ್ಕ ಬಾನಮ್

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ಪ್ರತಿ ವರ್ಷ ಜವಳಿ ಅಂಗಡಿಯವರು ಕೊಡುವುದು. ಅಲ್ಲಿ ಅವ್ವನದೇ ಆಡಳಿತ. ಹಾಲು ಒಂದು ಲೀಟರ್ ಬಂದ ದಿನ 1, ಅರ್ಧ ಬಂದ ದಿನ ಒಂದು ಅಡ್ಡಗೀಟು, ಹಾಲಿನವನು ಕೈಕೊಟ್ಟ ದಿನ ಸೊನ್ನೆ. ಹೊಸ ಸಿಲಿಂಡರ್ ಹಚ್ಚಿದ ದಿನ 'ಗ್ಯಾ'. ಇವೆಲ್ಲ ಮುಗಿದು ಚೌಕದಲ್ಲಿ ಚೂರುಪಾರು ಜಾಗ ಉಳಿದರೆ ಅದು ನನ್ನದು. ಹೊಸ ಕ್ಯಾಲೆಂಡರ್ ಬಂದ ದಿನವೇ ನೀಲಿ ಪೆನ್ನು ಹಿಡಿದು ಕೂರುತ್ತೇನೆ. ಯಾವ ರಾಕ್ ಆಲ್ಬಂ ಯಾವತ್ತು ಬಂತು, ಯಾರು ಯಾವತ್ತು ಹುಟ್ಟಿದರು, ಯಾವತ್ತು ಹೋದರು, ಎಲ್ಲವನ್ನೂ ತುಂಬುತ್ತೇನೆ.

ಸೆಪ್ಟೆಂಬರ್ 5ಕ್ಕೆ ಶಿಕ್ಷಕರ ದಿನಾಚರಣೆ ಅಂತ ಅಚ್ಚಾಗಿಯೇ ಬಂದಿರುತ್ತದೆ. ಅದರ ಕೆಳಗೆ ನಾನು 'ಫ್ರೆಡ್ಡಿ' ಅಂತ ಬರೆಯುತ್ತೇನೆ. ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ, 1946ರಲ್ಲಿ ಝಾಂಜಿಬಾರಿನಲ್ಲಿ ಹುಟ್ಟಿದವನು. ಆದರೆ ಶಾಲೆ ಓದಿದ್ದು ಪಂಚಗಣಿಯಲ್ಲಿ. ನಮ್ಮ ದಾವಣಗೆರೆಯ ಪಿ.ಬಿ. ರಸ್ತೆ ಹಿಡಿದು ಪುಣೆ ಕಡೆ ಹೊರಟರೆ, ಸಾತಾರಾ ಆದಮೇಲೆ ಎಡಕ್ಕೆ ತಿರುಗಿದರೆ ಆಯ್ತು. ಹೀಗೆ ಲೆಕ್ಕ ಹಾಕಿದರೆ ನಮ್ಮ ರಸ್ತೆಯವನೇ ಅಲ್ವಾ? ಫೆಬ್ರವರಿ 19 ಇನ್ನೂ ಇಕ್ಕಟ್ಟು. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರಿನವನು ಟೋನಿ ಅಯೋಮಿ ಹುಟ್ಟಿದ್ದು ಅವತ್ತೇ, ಎಸಿ/ಡಿಸಿ ಬ್ಯಾಂಡಿನ ಹಾಡುಗಾರ ಬಾನ್ ಸ್ಕಾಟ್ 1980ರಲ್ಲಿ ಸತ್ತಿದ್ದೂ ಅವತ್ತೇ. ಒಂದೇ ಚೌಕದಲ್ಲಿ ಹುಟ್ಟು, ಸಾವು, ಒಂದು ಲೀಟರ್ ಹಾಲು.

ಆಚರಣೆಗೆ ನನ್ನದೇ ಒಂದು ಶಾಸ್ತ್ರ ಇದೆ. ದೊಡ್ಡ ಆಲ್ಬಂ ಆದರೆ ಬೆಣ್ಣೆ ದೋಸೆ, ಚಿಕ್ಕದಾದರೆ ಮಂಡಕ್ಕಿ ಮಿರ್ಚಿ. ಪಿಂಕ್ ಫ್ಲಾಯ್ಡ್‌ನವರ 'ಡಾರ್ಕ್ ಸೈಡ್ ಆಫ್ ದ ಮೂನ್'ಗೆ 50 ತುಂಬಿದ 2023ರ ಮಾರ್ಚ್ 1ರಂದು ಒಬ್ಬನೇ ಹೋಗಿ ಎರಡು ಬೆಣ್ಣೆ ದೋಸೆ ತಿಂದು ಬಂದೆ. ಮಾರ್ಚ್ 1 ಅಮೆರಿಕದ ಲೆಕ್ಕ. ಇಂಗ್ಲೆಂಡಿನ ಅಂಗಡಿಗಳಿಗೆ ಅದು ಬಂದಿದ್ದು ಅದೇ ತಿಂಗಳಲ್ಲಿ ಇನ್ನೂ ಕೆಲವು ದಿನ ಬಿಟ್ಟು. ಏಕಾದಶಿಯಲ್ಲಿ ಸ್ಮಾರ್ತರಿಗೊಂದು ದಿನ, ವೈಷ್ಣವರಿಗೊಂದು ದಿನ ಇರುತ್ತದಲ್ಲ, ಹಾಗೆ. ಎರಡೂ ದಿನ ಮಾಡಿದರೆ ದೋಷವಿಲ್ಲ ಅಂತ ನಾನೇ ತೀರ್ಮಾನ ಕೊಟ್ಟುಕೊಂಡಿದ್ದೇನೆ. ದೋಸೆಯ ವಿಷಯದಲ್ಲಿ ನಾನು ಉದಾರಿ.

ನಿಜ ಹೇಳಬೇಕೆಂದರೆ 1973ರಲ್ಲಿ ನಾನು ಹುಟ್ಟಿರಲೇ ಇಲ್ಲ. ನನ್ನ ಪಾಲಿಗೆ ಅದು ಬಿಡುಗಡೆ ಆಗಿದ್ದು 1994ರ ಒಂದು ಮಳೆಗಾಲದ ಸಂಜೆ, ಇಂಜಿನಿಯರಿಂಗ್ ಹಾಸ್ಟೆಲಿನ ಗೆಳೆಯನ ರೂಮಿನಲ್ಲಿ. 90 ನಿಮಿಷದ ಕ್ಯಾಸೆಟ್. ಒಂದು ಬದಿಗೆ 45 ನಿಮಿಷ. ಆ ಆಲ್ಬಂ 43 ನಿಮಿಷದ್ದು, ಒಂದು ಬದಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತ್ತು. ಇನ್ನೊಂದು ಬದಿಗೆ ಲೆಡ್ ಜೆಪ್ಲಿನ್ ಬ್ಯಾಂಡಿನವರ ನಾಲ್ಕನೆಯ ಆಲ್ಬಂ. ಎಷ್ಟು ಸಲ ಕಾಪಿ ಆಗಿ ಬಂದಿತ್ತೋ ಏನೋ, ಹಿಂದೆ ಸದಾ ಮಿರ್ಚಿ ಕರಿದಂತೆ ಒಂದು ಚರಚರ ಸದ್ದು. ಈಗ ಫೋನಿನಲ್ಲಿ ಅದೇ ಹಾಡು ತೊಳೆದಿಟ್ಟ ಹಾಗೆ ಕೇಳುತ್ತದೆ. ಏನೋ ಕಡಿಮೆ ಅನಿಸುತ್ತದೆ. ಆ ಸಂಜೆಯ ತಾರೀಖನ್ನು ಮಾತ್ರ ಬರೆದಿಡಲಿಲ್ಲ. ಬರೆಯಬೇಕಾಗಿದ್ದದ್ದು ಅದೇ.

ಮನೆಯಲ್ಲಿ ಈ ಹುಚ್ಚಿಗೆ ಕಿವಿಗೊಟ್ಟವನೆಂದರೆ ಅಜ್ಜ ಒಬ್ಬನೇ. ಅದೂ ಒಂದು ಸಲ. ಅಜ್ಜ ಹತ್ತಿ ಗಿರಣಿಯಲ್ಲಿ ದುಡಿದವನು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದವನು. ಬರ್ಮಿಂಗ್‌ಹ್ಯಾಮಿನ ಅಯೋಮಿ ಕೂಡ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿದ್ದ, ಕೆಲಸ ಬಿಡುವ ಕಡೇ ದಿನ ಯಂತ್ರಕ್ಕೆ ಸಿಕ್ಕು ಎರಡು ಬೆರಳಿನ ತುದಿ ಹೋಯ್ತು, ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಚರ್ಮ ಅಂಟಿಸಿ ಟೊಪ್ಪಿಗೆ ಮಾಡಿಕೊಂಡು ಗಿಟಾರ್ ನುಡಿಸಿದ ಅಂತ ಹೇಳಿದೆ. ಅಜ್ಜ ಬೀಡಿ ಆರಿಸಿದ. "ಯಾವ ಕೈ?" ಅಂದ. ಬಲಗೈ, ಎಡಚ ಆದ್ದರಿಂದ ತಂತಿ ಒತ್ತುವುದು ಅದೇ ಕೈ ಅಂದೆ. "ಗಿರಣಿಯವನು ಅನ್ನು ಮತ್ತೆ" ಅಂದ. ಬ್ಲ್ಯಾಕ್ ಸಬ್ಬತ್‌ನವರ ಮೊದಲ ಆಲ್ಬಂ ಒಂದೇ ದಿನದಲ್ಲಿ, ಸುಮಾರು 12 ತಾಸಿನಲ್ಲಿ ರೆಕಾರ್ಡ್ ಆಯ್ತು ಅಂದಾಗ, "ಒಂದೂವರೆ ಪಾಳಿ" ಅಂತ ಲೆಕ್ಕ ಹೇಳಿದ. ಹಾಡು ಹಾಕಿ ಕೇಳಿಸಿದೆ. ಎರಡು ನಿಮಿಷಕ್ಕೆ ಎದ್ದು ಹೋದ. ಗಿರಣಿ ಸದ್ದು ಮತ್ತೆ ಮನೇಲ್ಯಾಕೆ ಅಂತ.

2022ರಲ್ಲಿ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 25ಕ್ಕೆ ಬಂತು. ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ಲೆಡ್ ಜೆಪ್ಲಿನ್‌ನ ಡ್ರಮ್ಮರ್ ಜಾನ್ ಬಾನಮ್ 1980ರಲ್ಲಿ ಸತ್ತ ದಿನವೂ ಅದೇ. ಅವನಿಲ್ಲದೆ ಬೇಡ ಅಂತ ಉಳಿದ ಮೂವರು ಅದೇ ಡಿಸೆಂಬರಿನಲ್ಲಿ ಬ್ಯಾಂಡನ್ನೇ ಮುಚ್ಚಿಬಿಟ್ಟರು. ಹಾಲಿನ ಲೆಕ್ಕ ಬರೆಯಲು ಹೋದ ಅವ್ವನ ಕಣ್ಣಿಗೆ ಹೆಸರು ಬಿತ್ತು.

"ಅಮಾಸಿ ದಿನ ಇದ್ಯಾರದಪ್ಪ ಹೆಸರು?"

"ಡ್ರಮ್ ಬಾರಿಸ್ತಿದ್ದ. ಇವತ್ತೇ ಹೋಗಿದ್ದು."

"ವಯಸ್ಸಾಗಿತ್ತಾ?"

"32."

ಹೋಳಿಗೆ ತಟ್ಟುತ್ತಿದ್ದ ಕೈ ನಿಂತಿತು. "ಅಯ್ಯೋ ಶಿವನೇ! ಮಕ್ಕಳು?"

"ಇಬ್ಬರು. ಮಗನೂ ಡ್ರಮ್ಮೇ ಬಾರಿಸ್ತಾನೆ."

"ಪುಣ್ಯ. ಅಪ್ಪನ ಕಸುಬು ಬಿಡಲಿಲ್ಲ. ಅವನಿಗೆ ಏನು ಇಷ್ಟ ಇತ್ತು?"

ನಾನು ಸ್ವಲ್ಪ ತಡೆದೆ. "ಕುಡೀತಿದ್ದ ಅವ್ವ. ಅದರಿಂದಲೇ ಹೋದ."

"ಅದನ್ನ ನಾನು ಇಡಲ್ಲ" ಅಂದಳು. ಅಜ್ಜನ ಎಡೆಯಲ್ಲಿ ಹೋಳಿಗೆ, ಮಂಡಕ್ಕಿ, ಒಂದು ಕಟ್ಟು ಬೀಡಿ, ಎರಡು ಮಿರ್ಚಿ ಇತ್ತು. ಬಾಣಲೆಯಿಂದ ಇನ್ನೊಂದು ಮಿರ್ಚಿ ತಂದು ಅವುಗಳ ಪಕ್ಕ ಇಟ್ಟಳು.

"ಮಾವ ಖಾರದ್ದು ಅಂತ ಹೇಳಿ ಕೊಡ್ತಾನೆ ಬಿಡು."