ಜಾಗೃತಿ ಆಗಿದೆ, ಉಗುಳಲು ಜಾಗ ಬೇಕಾಗಿದೆ

ತಂಬಾಕಿನ ವಿಷಯದಲ್ಲಿ ನಮ್ಮ ವಿಜಯಪುರಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೊಗಲ್ ಬಾದಶಹನಿಗೇ ಹೊಗೆ ಎಳೆಸಿದ ಊರು ಇದು. ಅಕ್ಬರನ ದೂತ ಅಸದ್ ಬೇಗ್ ಆದಿಲಶಾಹಿ ಆಸ್ಥಾನಕ್ಕೆ ಬಂದವನು, ಹೋಗುವಾಗ ಇಲ್ಲಿಂದ ತಂಬಾಕು ಕಟ್ಟಿಸಿಕೊಂಡು ಹೋದ. ರತ್ನ ಕೂರಿಸಿದ ಕೊಳವೆ ಮಾಡಿಸಿ ಬಾದಶಹನ ಮುಂದಿಟ್ಟ. ಅಕ್ಬರ್ ಎರಡು ಮೂರು ದಮ್ಮು ಎಳೆದ. ಹಕೀಮ ಬೇಡ ಅಂದ. ಸರದಾರರು ನಮಗೂ ಇರಲಿ ಅಂದರು. ವ್ಯಾಪಾರಿಗಳು ಅಂಗಡಿ ತೆರೆದರು. 1617ರಲ್ಲಿ ಜಹಾಂಗೀರ್ ನಿಷೇಧವನ್ನೂ ಹೇರಿದ. ವೈದ್ಯರ ಸಲಹೆ, ಮಾರಾಟ, ಸರ್ಕಾರಿ ಆದೇಶ ಎಲ್ಲವೂ ಆಗಲೇ ಆಗಿಹೋಗಿತ್ತು ನೋಡಿ. ನಾವು ಸೇರಿಸಿದ್ದು ಫ್ಲೆಕ್ಸ್ ಒಂದೇ.

ಆ ಫ್ಲೆಕ್ಸ್ ಮೇ 31ಕ್ಕೆ ಹೊರಗೆ ಬರುತ್ತದೆ. ಅವತ್ತು ವಿಶ್ವ ತಂಬಾಕು ರಹಿತ ದಿನ. ಜಾಥಾಕ್ಕೆ ಬರುವವರು ಯಾರು? ನರ್ಸಿಂಗ್ ಕಾಲೇಜಿನ ಹುಡುಗಿಯರು, ಆಶಾ ಕಾರ್ಯಕರ್ತೆಯರು, ಸ್ಕೌಟ್ ಮಕ್ಕಳು. ಇಡೀ ಊರಲ್ಲಿ ಗುಟ್ಕಾ ಮುಟ್ಟದವರನ್ನೇ ಹುಡುಕಿ ಹುಡುಕಿ ಬಿಸಿಲಿಗೆ ನಿಲ್ಲಿಸುತ್ತಾರೆ. (ಮನೆಯ ಅಜ್ಜಿಯರ ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿಯ ಡಬ್ಬಿ ಬೇರೆ ವಿಷಯ. ಅದು ಹಲ್ಲುಜ್ಜುವ ಲೆಕ್ಕಕ್ಕೆ ಹೋಗುತ್ತದೆ.) ತಿನ್ನುವವರು ಪಾನ್ ಅಂಗಡಿಯ ನೆರಳಲ್ಲಿ ನಿಂತು ಜಾಥಾ ನೋಡುತ್ತಾರೆ. ಮಕ್ಕಳು "ತಂಬಾಕು ಬಿಡಿ, ಜೀವ ಉಳಿಸಿ" ಎಂದು ಕೂಗಿದರೆ ಇವರು ಗದ್ದ ಮೇಲೆತ್ತಿ "ಹ್ಞೂಂ" ಅನ್ನುತ್ತಾರೆ. ಅದಕ್ಕಿಂತ ಜಾಸ್ತಿ ಮಾತಾಡಿದರೆ ಅಂಗಿ ಕೆಂಪಾಗುತ್ತದೆ. ಆಮೇಲೆ ಪಿಚಕ್ ಅಂತ ಉಗುಳಿ, "ಖರೇ ಹೇಳಾಕತ್ತಾವ್ರೀ ಹುಡುಗ್ರು, ಭಾಳ ಕೆಟ್ಟ ಚಟಾ ಇದು" ಎಂದು ತಂಬಾಕಿನ ಪೊಟ್ಟಣದ ಇನ್ನೊಂದು ಚೀಟು ಹರಿಯುತ್ತಾರೆ. ಜಾಗೃತಿ ಇವರಿಗೆ ಕಡಿಮೆ ಇದೆ ಅಂತ ಯಾರು ಹೇಳಿದ್ದು? ಚೀಟಿನ ಮೇಲೆ ಶೇ. 85ರಷ್ಟು ಜಾಗದಲ್ಲಿ ಕೊಳೆತ ಬಾಯಿಯ ಚಿತ್ರವಿದೆ. ದಿನಕ್ಕೆ ಹತ್ತು ಸಲ ಅದನ್ನು ನೋಡುವವರು ಇವರೊಬ್ಬರೇ.

ಚಿತ್ರದ ಕಾಟ ಬೇಡ ಅನ್ನುವವರಿಗೆ ಮಾವಾ ಇದೆ. ಅಡಿಕೆ, ತಂಬಾಕು, ಸುಣ್ಣ ಸೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಗಸಗಸ ತಿಕ್ಕಿ ಕೊಡುತ್ತಾರೆ. ಅದರ ಮೇಲೆ ಬಾಯಿಯೂ ಇಲ್ಲ, ಎಚ್ಚರಿಕೆಯೂ ಇಲ್ಲ.

ಇನ್ನು ಗುಟ್ಕಾ. ಅದು ನಮ್ಮ ರಾಜ್ಯದಲ್ಲಿ 2013ರಿಂದಲೇ ನಿಷೇಧ. ನಂಬಿ, ನಿಜವಾಗಿಯೂ ನಿಷೇಧ. ಈಗ ಅಂಗಡಿಯಲ್ಲಿ ಸಿಗುವುದು ಒಂದು ಚೀಟು ಪಾನ್ ಮಸಾಲಾ, ಇನ್ನೊಂದು ಚೀಟು ತಂಬಾಕು. ಎರಡೂ ಅಕ್ಕಪಕ್ಕ ತೂಗಾಡುತ್ತವೆ, ಒಂದನ್ನು ಕೇಳಿದರೆ ಇನ್ನೊಂದು ತಾನಾಗಿ ಕೈಗೆ ಬರುತ್ತದೆ. ಕೂಡಿಸುವ ಕೆಲಸ ಗಿರಾಕಿಯ ಅಂಗೈಯಲ್ಲಿ ನಡೆಯುತ್ತದೆ. ಒಟ್ಟಿನಲ್ಲಿ ನಿಷೇಧವಾದದ್ದು ಕಾರ್ಖಾನೆಯಲ್ಲಿ ಕಲಸುವುದು ಮಾತ್ರ. ಕಲಸುವ ಹಕ್ಕು ಜನರ ಕೈಗೆ ಬಂತು. ವಿಕೇಂದ್ರೀಕರಣ ಅಂದರೆ ಇದೇ ಅಲ್ವಾ? ಅಂದಹಾಗೆ ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅದಕ್ಕೆ ಇನ್ನೂ ಜಾಥಾ ಸಿಕ್ಕಿಲ್ಲ.

ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿ ಇತ್ತು. 2025ರಲ್ಲಿ ಅದನ್ನು 1000ಕ್ಕೆ ಏರಿಸಿದರು. 21 ವರ್ಷ ತುಂಬದವರಿಗೆ ಮಾರಬಾರದು ಎಂದೂ ಆಯಿತು. ಪಾನ್ ಅಂಗಡಿಯವನು ಹುಡುಗನ ಆಧಾರ್ ಕಾರ್ಡ್ ಕೇಳುವ ದೃಶ್ಯ ನೋಡಲು ನಾನಂತೂ ಕಾಯುತ್ತಿದ್ದೇನೆ.

ನನ್ನದೊಂದು ಸಲಹೆ. ಮುಂದಿನ ವರ್ಷ ಮಕ್ಕಳನ್ನು ನೆರಳಲ್ಲಿ ಕೂರಿಸಿ ಶರಬತ್ ಕೊಡಿ. ತಿನ್ನುವವರನ್ನು ಗಾಂಧಿ ಚೌಕದಿಂದ ಗೋಳಗುಮ್ಮಟದವರೆಗೆ ನಡೆಸಿ. ದಾರಿಯಲ್ಲಿ ಘೋಷಣೆಯ ಬದಲು ಚೀಟಿನ ಮೇಲೆ ಸಣ್ಣದಾಗಿ ಅಚ್ಚಾಗಿರುವ ಉಚಿತ ಸಹಾಯವಾಣಿ 1800-11-2356 ಇದೆಯಲ್ಲ, ಅದನ್ನು ಕೂಗಲಿ. ಚಟ ಬಿಡಿಸಲು ಆ ಕಡೆ ಮಾತಾಡುವವರು ಇದ್ದಾರೆ. ಗುಮ್ಮಟದ ಒಳಗೆ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ. ವರದಿಯಲ್ಲಿ ಏಳು ಕಾರ್ಯಕ್ರಮ ಎಂದೇ ಬರೆದುಕೊಳ್ಳಬಹುದು. ಬಾಯಿ ತುಂಬಿದ್ದರೆ ಕೂಗಲು ಆಗುವುದಿಲ್ಲ, ಹಾಗಾಗಿ ಒಂದು ತಾಸಾದರೂ ಅದು ಖಾಲಿ ಇರುತ್ತದೆ. ಹೊರಡುವ ಮುಂಚೆ ಎಲ್ಲರೂ ಒಮ್ಮೆಲೇ ಉಗುಳಬೇಕಲ್ಲ, ಅದಕ್ಕೆ ಪಾಲಿಕೆಯವರು ಒಂದು ಟ್ಯಾಂಕರ್ ನಿಲ್ಲಿಸಬೇಕು, ಅಷ್ಟೇ. ಕುಡಿಯುವ ನೀರಿನದ್ದು ಬೇಡ.