ಬಾಗಿಲಿಗೂ ಸೊಂಟ ಬಂತು

ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಈಗ ಸೊಂಟ ತಿದ್ದುವ ಶಾಸ್ತ್ರವೊಂದು ಸೇರಿಕೊಂಡಿದೆ. ಸ್ಥಳ: ಊರಿನ ಫೋಟೊ ಸ್ಟುಡಿಯೊ. ಮಂತ್ರ ಎಲ್ಲ ಊರಲ್ಲೂ ಒಂದೇ: “ನ್ಯಾಚುರಲ್ ಆಗೇ ಇರ್ಲಿ ಸಾರ್, ಒಂಚೂರು ತೆಳ್ಳಗೆ ಮಾಡಿ.”

ಮೊದಲು ಲೇಯರ್‌ನ, ಅಂದರೆ ಫೋಟೊ ಇರುವ ಪದರದ, ನಕಲು ತೆಗೆದಿಡಬೇಕು, ಏಕೆಂದರೆ ಅಮ್ಮ ಒಪ್ಪಿದ್ದನ್ನು ಸೋದರತ್ತೆ ಒಪ್ಪುವುದಿಲ್ಲ. ಆಮೇಲೆ ಫೋಟೊಶಾಪ್‌ನ ಲಿಕ್ವಿಫೈ, ಅಂದರೆ ಚಿತ್ರವನ್ನು ಹಿಟ್ಟಿನಂತೆ ತಳ್ಳಿ ಎಳೆಯುವ ಸಾಧನ. ಬ್ರಷ್ ದೊಡ್ಡದಿರಲಿ, ಒತ್ತಡ ಕಡಿಮೆ ಇರಲಿ. ಸಣ್ಣ ಬ್ರಷ್‌ನಲ್ಲಿ ತಳ್ಳಿದರೆ ನಡು ಇಲಿ ಕಡಿದ ರೊಟ್ಟಿಯಂತಾಗುತ್ತದೆ. ಒಳಗೆ ತಳ್ಳಿದಷ್ಟೂ ಹಿಂದಿರುವುದು ಹಿಗ್ಗಿ ಬರುತ್ತದೆ. ಅದಕ್ಕೇ ಮದುಮಗಳ ಜತೆ ತೇಗದ ಬಾಗಿಲೂ ಬಳುಕುವುದು. ಅಲುಗಬಾರದ ಜಾಗಕ್ಕೆ ಹಚ್ಚುವ ಫ್ರೀಜ್ ಮಾಸ್ಕ್ ಬಳಿದರೆ ಬಾಗಿಲು ನೆಟ್ಟಗೆ ನಿಲ್ಲುತ್ತದೆ, ಆದರೆ ಬಾಗಿಲಿಗೂ ಸೊಂಟಕ್ಕೂ ನಡುವಿನ ಗೋಡೆ ಕಲಸಿದ ಹಿಟ್ಟಾಗುತ್ತದೆ. ಪಳಗಿದವರು ಬೂದು ಪರದೆ ಮುಂದೆ ನಿಲ್ಲಿಸಿ, ಕೈಯನ್ನು ಮೈಯಿಂದ ನಾಲ್ಕು ಬೆರಳು ದೂರ ಇಡಿಸುತ್ತಾರೆ. ಇಳಕಲ್ ಸೀರೆಯ ಚೌಕಳಿಗೆ ಮಾತ್ರ ಔಷಧವಿಲ್ಲ; ಗೆರೆ ಬಾಗಿ ಗುಟ್ಟು ಬಿಟ್ಟುಕೊಡುತ್ತದೆ. ತೋಳು ತೆಳುವಾದರೆ ಬಳೆ ಮೊಟ್ಟೆಯಾಕಾರಕ್ಕೆ ಬರುತ್ತದೆ.

2016ರಿಂದ ಮುಖವನ್ನು ತಾನೇ ಗುರುತಿಸುವ ಸೌಲಭ್ಯವೂ ಬಂತು. ಕಣ್ಣು, ಹಣೆ, ದವಡೆಗೆ ಬೇರೆ ಬೇರೆ ಸ್ಲೈಡರ್. ದವಡೆ ಎಳೆದು ಕುತ್ತಿಗೆ ಮರೆತರೆ ಕುಂಬಳಕಾಯಿ ಮೇಲೆ ನಿಂಬೆಹಣ್ಣು ಕೂತಂತೆ.

ಗಂಡಿನ ಹೊಟ್ಟೆಯೂ ಈಗ ಪಾರಾಗುವುದಿಲ್ಲ. ಒಂದು ಕಾಲಕ್ಕೆ ಅದು “ಅನುಕೂಲಸ್ಥರ ಮನೆ” ಎಂಬುದಕ್ಕೆ ಸಾಕ್ಷಿ. ಈಗ ಅದನ್ನು ಕರಗಿಸುವಾಗ ಅಂಗಿಯ ಗುಂಡಿಸಾಲು ಸೊಟ್ಟಗಾಗಿ, ವರ ಒಂಟಿಕಾಲಲ್ಲಿ ನಿಂತಂತೆ ಕಾಣುತ್ತಾನೆ.

ನಮ್ಮ ಶಿಲ್ಪಿಗಳಿಗೆ ಈ ಪೇಚಾಟ ಇರಲಿಲ್ಲ. ಮೂರ್ತಿಯ ಅಳತೆ ಹೇಳುವ ತಾಳಮಾನದಲ್ಲಿ ಒಂದು ತಾಳಕ್ಕೆ 12 ಅಂಗುಲ; ಈ ಅಂಗುಲ ಇಂಚಲ್ಲ, ಮೂರ್ತಿಯ ಎತ್ತರದ್ದೇ ಒಂದು ಪಾಲು. ನವತಾಳದ ಮೂರ್ತಿ 108 ಅಂಗುಲ: ಮುಖ 12, ತೊಡೆ 24, ಮೊಣಕಾಲು 4, ಹೀಗೆ. ಗಣಪತಿಗೆ ಪಂಚತಾಳ. ಕುಳ್ಳಗೆ ದುಂಡಗಿದ್ದರೆ ಅಳತೆ ತಪ್ಪಿತೆಂದಲ್ಲ, ಅಳತೆಯೇ ಬೇರೆ. ಸ್ಟುಡಿಯೊದಲ್ಲಿ ಇರುವುದು ಒಂದೇ ತಾಳ. ಅಕ್ಕನಿಗೆ ಮಾಡಿದ ಮೆಶ್, ಅಂದರೆ ಎಲ್ಲೆಲ್ಲಿ ಎಷ್ಟು ತಳ್ಳಿತೆಂಬ ಲೆಕ್ಕ, ಸೇವ್ ಮಾಡಿಟ್ಟು ತಂಗಿಗೂ ಲೋಡ್ ಮಾಡುತ್ತಾರೆ. ತಂಗಿ ಎಡಕ್ಕೆ ತಿರುಗಿ ನಿಂತಿದ್ದರೆ ಸೊಂಟ ಹೋಗಿ ಮೊಣಕೈ ಸಣ್ಣಗಾಗುತ್ತದೆ.

ಕೊನೆಗೆ ಛತ್ರದ ಬಾಗಿಲಿಗೆ ಫ್ಲೆಕ್ಸ್. ಚೌಕದ ಗಣಪತಿ ಚಿತ್ರ ಉದ್ದನೆಯ ಜಾಗಕ್ಕೆ ಸಾಲದು ಎಂದು ಡಿಸೈನರ್ ಮೂಲೆ ಬಿಟ್ಟು ಮೇಲಿನ ಅಂಚು ಹಿಡಿದು ಎಳೆದ. ಪಂಚತಾಳದವನು ಒಂದೇ ಎಳೆತಕ್ಕೆ ನವತಾಳ. ಸೋದರತ್ತೆ ನೋಡಿ, “ಗಣಪತಿ ಚೆನ್ನಾಗಿ ಬಂದಿದಾನೆ, ನಮ್ಮ ಹುಡುಗೀನೂ ಹಿಂಗೇ ಎಳೀಬಾರ್ದಿತ್ತಾ?”